ಕಾಲೇಜಿನ ಲಾಂಛನವನ್ನು ವಿಕಿಪೀಡಿಯಕ್ಕೆ ಸೇರಿಸಿದ ಕಥೆ

ಕುಮಟಾ–ಹೊನ್ನಾವರ ದಾರಿಯಲ್ಲಿ ಓಡಾಡುವವರಿಗೆ ನಮ್ಮ ಕಾಲೇಜು ಗೊತ್ತಿರುತ್ತದೆ. ಹೈವೇ ಬಿಟ್ಟು ಸ್ವಲ್ಪ ಒಳಗೆ, ಗೇರು ಮರಗಳ ಗುಡ್ಡದ ಮೇಲೆ, ಚಿರೆಕಲ್ಲಿನ ಉದ್ದನೆಯ ಕಟ್ಟಡ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಕಥೆಯಲ್ಲಿ ಕಾಲೇಜಿನ ಹಳೆಯ ಕಡತಗಳ ವಿಷಯ ಬರುತ್ತದೆ. ಅದು ಅವರ ಮನೆಯ ಮಾತು. ನಾನು ಅಲ್ಲಿ ಬಿ.ಎಸ್ಸಿ. ಓದಿದವನು, ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ.

ಕಳೆದ ಮಳೆಗಾಲದಲ್ಲಿ ಕಾಲೇಜಿನ ಬಗ್ಗೆ ವಿಕಿಪೀಡಿಯದಲ್ಲಿ ಲೇಖನ ಬರೆಯಲು ಕೂತೆ. ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ಹಳೆಯ ಪತ್ರಿಕೆಗಳ ವರದಿ, ಜಿಲ್ಲೆಯ ಶಿಕ್ಷಣದ ಬಗ್ಗೆ ಬಂದ ಪುಸ್ತಕ, ಎಲ್ಲ ಹುಡುಕಿ ಇಟ್ಟುಕೊಂಡಿದ್ದೆ. ಬರೆಯುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಲೇಖನದ ಬಲಗಡೆಯ ಚೌಕದಲ್ಲಿ ಕಾಲೇಜಿನ ಲಾಂಛನ ಹಾಕುವುದು. ಹೆಬ್ಬೆರಳಿನಷ್ಟು ಚಿತ್ರ. ಅದಕ್ಕೆ ನಾಲ್ಕು ತಿಂಗಳು ಬೇಕಾಯಿತು. ಆ ನಾಲ್ಕು ತಿಂಗಳಲ್ಲಿ ನಾನು ಕಲಿತದ್ದನ್ನು ಇಂಥ ಕೆಲಸ ಮಾಡಲು ಹೊರಟವರಿಗೆ ಹೇಳಬೇಕು ಅನ್ನಿಸಿತು.

ಮೊದಲ ಸಲ ಮಾಡಿದ ತಪ್ಪು ತುಂಬಾ ಜನ ಮಾಡುವ ತಪ್ಪೇ. ಕಾಲೇಜಿನ ಪ್ರಾಸ್ಪೆಕ್ಟಸ್‌ನಿಂದ ಲಾಂಛನ ಸ್ಕ್ಯಾನ್ ಮಾಡಿದೆ. ವಿಕಿಮೀಡಿಯ ಕಾಮನ್ಸ್‌ಗೆ ಹೋಗಿ ಅಪ್‌ಲೋಡ್ ಮಾಡಿದೆ. ಇದು ನಿಮ್ಮ ಸ್ವಂತ ಕೆಲಸವೇ ಎಂದು ಅಲ್ಲಿ ಕೇಳುತ್ತದೆ. ಹೌದು ಎಂದು ಒತ್ತಿದೆ. ಸ್ಕ್ಯಾನ್ ಮಾಡಿದವನು ನಾನೇ ಅಲ್ವಾ, ಅದು ಸುಳ್ಳು ಅಂತ ಆಗ ಹೊಳೆಯಲೇ ಇಲ್ಲ. ಎರಡೇ ದಿನಕ್ಕೆ ನನ್ನ ಚರ್ಚೆ ಪುಟದಲ್ಲಿ ಸಂದೇಶ ಬಂತು. ಈ ಚಿತ್ರದ ಹಕ್ಕು ಬೇರೆಯವರದ್ದು, ಅಳಿಸಲು ಸೂಚಿಸಲಾಗಿದೆ ಎಂದು. ಆಮೇಲೆ ಫೈಲ್ ಹೋಯಿತು.

ಕಾಮನ್ಸ್ ಅಂದರೆ ಎಲ್ಲ ಭಾಷೆಯ ವಿಕಿಪೀಡಿಯಗಳೂ ಹಂಚಿಕೊಳ್ಳುವ ಚಿತ್ರಗಳ ಕಣಜ. 2004ರಲ್ಲಿ ಶುರುವಾದದ್ದು. ಅಲ್ಲಿ ಇರುವ ಚಿತ್ರವನ್ನು ಯಾರು ಬೇಕಾದರೂ ಒಯ್ಯಬಹುದು, ತಿದ್ದಬಹುದು, ಮಾರಲೂಬಹುದು. ಹಾಗೆ ಬಿಟ್ಟುಕೊಟ್ಟ ಚಿತ್ರಗಳಿಗೆ, ಇಲ್ಲವೇ ಹಕ್ಕಿನ ಅವಧಿ ಮುಗಿದ ಚಿತ್ರಗಳಿಗೆ ಮಾತ್ರ ಅಲ್ಲಿ ಜಾಗ. ಇನ್ನೊಬ್ಬರ ಹಕ್ಕಿರುವ ಚಿತ್ರವನ್ನು ನ್ಯಾಯವಾಗಿಯೇ ಬಳಸುತ್ತೇನೆ ಎಂದರೂ ಕಾಮನ್ಸ್ ಒಪ್ಪುವುದಿಲ್ಲ.

ಎರಡನೇ ಸಲ ಗೇಟಿನ ಕಮಾನಿನ ಹತ್ತಿರ ಹೋಗಿ ನಿಂತೆ. ಅಲ್ಲಿ ತಗಡಿನ ಬೋರ್ಡಿನ ಮೇಲೆ ಲಾಂಛನ ದೊಡ್ಡದಾಗಿ ಬರೆಸಿದ್ದಾರೆ. ಮಳೆ ಹೊಳವಾಗುವುದನ್ನು ಕಾದು ಅದರ ಫೋಟೋ ತೆಗೆದೆ. ಫೋಟೋ ನನ್ನದು, ಮೊಬೈಲ್ ನನ್ನದು. ಅದನ್ನೂ ತೆಗೆದು ಹಾಕಿದರು. ಈ ಸಲ ಒಬ್ಬ ಹಿರಿಯ ಸಂಪಾದಕರು ಸಮಾಧಾನದಿಂದ ವಿವರಿಸಿದರು. ಒಬ್ಬರು ಬರೆದ ಚಿತ್ರದ ಫೋಟೋ ತೆಗೆದರೆ ಒಳಗಿನ ಚಿತ್ರದ ಹಕ್ಕು ನಮ್ಮದಾಗುವುದಿಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಕಟ್ಟಡದ ಫೋಟೋಗೆ ವಿನಾಯಿತಿ ಇದೆ. ಸಾರ್ವಜನಿಕ ಜಾಗದಲ್ಲಿ ಕಾಯಂ ನಿಲ್ಲಿಸಿದ ಶಿಲ್ಪದ ಫೋಟೋಗೂ ಇದೆ. ಬೋರ್ಡಿನ ಮೇಲೆ ಬರೆದ ಚಪ್ಪಟೆ ಚಿತ್ರ ಅದರಲ್ಲಿ ಸೇರುವುದಿಲ್ಲ. ಹಾಗಾಗಿ ಅದೇ ದಿನ ತೆಗೆದ ಕಟ್ಟಡದ ಫೋಟೋ ಕಾಮನ್ಸ್‌ನಲ್ಲಿ ಉಳಿಯಿತು. ಬೋರ್ಡಿನದು ಉಳಿಯಲಿಲ್ಲ.

ನನ್ನ ಒಬ್ಬ ಹಳೆಯ ವಿದ್ಯಾರ್ಥಿ ಕಂಪ್ಯೂಟರಿನಲ್ಲಿ ಚೆನ್ನಾಗಿ ಚಿತ್ರ ಬಿಡಿಸುತ್ತಾನೆ. "ಸರ್, ನಾನೇ ಹೊಸದಾಗಿ ಬಿಡಿಸಿ ಕೊಡ್ತೆ, ಆಗ ನಮ್ದೇ ಆಗ್ತದಲ್ಲ" ಅಂದ. ಅದೂ ಆಗುವುದಿಲ್ಲ. ನೋಡಿ ಬಿಡಿಸಿದ್ದು ಮೂಲದ ಪಡಿಯಚ್ಚೇ. ಲಾಂಛನ ಬರೀ ಅಕ್ಷರ, ಒಂದು ವೃತ್ತ, ಎರಡು ಗೆರೆ ಇದ್ದಿದ್ದರೆ ಮಾತು ಬೇರೆ. ಅಷ್ಟಕ್ಕೆಲ್ಲ ಹಕ್ಕು ಹುಟ್ಟುವುದು ಕಷ್ಟ. ನಮ್ಮದರಲ್ಲಿ ದೀಪಸ್ತಂಭ ಇದೆ, ತೆರೆ ಇದೆ, ತೆರೆದ ಪುಸ್ತಕ ಇದೆ, ಪುಸ್ತಕದ ಮೇಲೆ ಬಾಗಿದ ಒಂದು ತೆನೆ ಇದೆ. ಯಾರೋ ಕೂತು ಮನಸ್ಸಿಟ್ಟು ಬರೆದದ್ದು.

ಹಾಗಾದರೆ ಕಾಲೇಜಿನಿಂದಲೇ ಅನುಮತಿ ತರೋಣ ಎಂದು ಪ್ರಿನ್ಸಿಪಾಲರ ಹತ್ತಿರ ಹೋದೆ. "ಅದಕ್ಕೇನಂತೆ, ಕೊಡೋಣ" ಅಂದರು. ಅರ್ಧ ಗಂಟೆಯಲ್ಲಿ ಲೆಟರ್‌ಹೆಡ್ ಮೇಲೆ ಟೈಪಾಗಿ ಬಂತು. ವಿಕಿಪೀಡಿಯದಲ್ಲಿ ನಮ್ಮ ಲಾಂಛನ ಬಳಸಲು ಅಭ್ಯಂತರವಿಲ್ಲ, ಸಹಿ, ಶಿಕ್ಕೆ. ಆ ಪತ್ರ ಸಾಲುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. 'ವಿಕಿಪೀಡಿಯಕ್ಕೆ ಮಾತ್ರ' ಎನ್ನುವ ಅನುಮತಿ ಅಲ್ಲಿ ನಡೆಯುವುದಿಲ್ಲ. ಹಕ್ಕುದಾರರು ಕ್ರಿಯೇಟಿವ್ ಕಾಮನ್ಸ್‌ನಂಥ ಮುಕ್ತ ಪರವಾನಗಿಯಲ್ಲಿ ಚಿತ್ರವನ್ನು ಇಡೀ ಲೋಕಕ್ಕೆ ಬಿಟ್ಟುಕೊಡಬೇಕು. ಯಾರು ಬೇಕಾದರೂ, ಯಾವ ಕೆಲಸಕ್ಕೆ ಬೇಕಾದರೂ, ವ್ಯಾಪಾರಕ್ಕೂ ಬಳಸಬಹುದು ಎಂದು ಬರೆದು ಇಮೇಲ್ ಮಾಡಬೇಕು. ಕೊಟ್ಟ ಮೇಲೆ ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ.

ಇದನ್ನು ಹೇಳಿದಾಗ ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾಳೆ ಯಾರೋ ನೋಟ್‌ಬುಕ್ ಮೇಲೆ ಇದನ್ನ ಅಚ್ಚು ಹಾಕಿ ಮಾರಿದ್ರೆ?" ಎಂದು ಕೇಳಿದರು. ಹಕ್ಕುಸ್ವಾಮ್ಯದ ಲೆಕ್ಕದಲ್ಲಿ ಮಾರಬಹುದು ಅಂದೆ. "ನಕಲಿ ಸರ್ಟಿಫಿಕೇಟಿಗೆ ಹಾಕಿದ್ರೆ?" ಅದು ಮೋಸ, ಅದಕ್ಕೆ ಬೇರೆ ಕಾನೂನು ಇದೆ, ಪರವಾನಗಿ ಕೊಟ್ಟರೂ ಅದು ಅಪರಾಧವೇ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಂಗೆ ಧೈರ್ಯ ಸಾಲೂದಿಲ್ಲ. ಇದು ನನ್ನೊಬ್ಬನ ಆಸ್ತಿ ಅಲ್ಲ" ಅಂದರು. ಅವರ ಮಾತು ಸರಿಯಿತ್ತು ಎಂದೇ ಈಗಲೂ ನನಗೆ ಅನ್ನಿಸುತ್ತದೆ. ವಿಶ್ವಕೋಶದ ಮೇಲೆ ನನಗೆ ಎಷ್ಟು ಪ್ರೀತಿ ಇದ್ದರೂ, ಒಂದು ಸಂಸ್ಥೆ ತನ್ನ ಗುರುತನ್ನು ಪೂರ್ತಿ ಬಿಟ್ಟುಕೊಡಬೇಕು ಅಂತ ಒತ್ತಾಯ ಮಾಡುವುದು ತಪ್ಪು.

ಹೊರಡುವ ಹೊತ್ತಿಗೆ ಅವರೇ ಇನ್ನೊಂದು ಪ್ರಶ್ನೆ ಎತ್ತಿದರು. "ಅಲ್ಲ, ಕೊಡೂದಾದ್ರೂ ಇದು ನಮ್ದೇ ಅಂತ ತೋರಿಸೂದಕ್ಕೆ ನಮ್ಮತ್ರ ಕಾಗದ ಏನಿದೆ?" ಗುಮಾಸ್ತರನ್ನು ಕರೆದು ಆಡಳಿತ ಮಂಡಳಿಯ ಹಳೆಯ ಠರಾವು ಪುಸ್ತಕ ತರಿಸಿದರು. ಕಾಲೇಜು ಶುರುವಾದ ವರ್ಷದ ಪುಟದಲ್ಲಿ ಒಂದೇ ಸಾಲು ಇತ್ತು. ಡ್ರಾಯಿಂಗ್ ಮಾಸ್ತರರು ಬರೆದ ಲಾಂಛನಕ್ಕೆ ಸಭೆ ಒಪ್ಪಿಗೆ ಕೊಟ್ಟಿತು ಎಂದು. ಬೇರೆ ಏನೂ ಇಲ್ಲ.

ಆ ಲಾಂಛನವನ್ನು ನಾನು ಮೂರು ವರ್ಷ ಗುರುತಿನ ಚೀಟಿಯಲ್ಲಿ ಎದೆಯ ಮೇಲೆ ಹೊತ್ತು ತಿರುಗಿದ್ದೆ. ಅದನ್ನು ಒಬ್ಬ ಮನುಷ್ಯ ಬರೆದಿದ್ದಾನೆ ಎನ್ನುವ ಯೋಚನೆ ಅವತ್ತಿನವರೆಗೆ ಬಂದಿರಲಿಲ್ಲ.

ಮಾಸ್ತರರು ಈಗ ಹಳದೀಪುರದಲ್ಲಿ ಮಗನ ಮನೆಯಲ್ಲಿ ಇದ್ದಾರೆ ಎಂದು ಗುಮಾಸ್ತರೇ ಹೇಳಿದರು. ಭಾನುವಾರ ಬೈಕ್ ಹತ್ತಿ ಹೋದೆ. ಡ್ರಾಯಿಂಗ್ ಮಾಸ್ತರ್ ಮನೆ ಅಂದರೆ ಸಾಕು, ಅಂಗಡಿಯವರು ಕೈ ತೋರಿಸಿದರು. ಜಗಲಿಯ ಮೇಲೆ ಆರಾಮ ಕುರ್ಚಿಯಲ್ಲಿ ಕೂತಿದ್ದರು. ಕಣ್ಣು ಸ್ವಲ್ಪ ಮಂಜು. ನಮಸ್ಕಾರ ಮಾಡಿ ಪ್ರಾಸ್ಪೆಕ್ಟಸ್ ಕೈಗೆ ಕೊಟ್ಟೆ. ಅದನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಒಳಗಿಂದ ಅವರ ಸೊಸೆ ಬಿಸಿ ಕಷಾಯ ತಂದಿಟ್ಟರು.

"ಇದಕ್ಕೆ ಬಣ್ಣ ಯಾರು ಹಾಕಿದ್ದು ತಮಾ?" ಅದು ಅವರ ಮೊದಲ ಮಾತು. ಅವರು ಬರೆದಾಗ ಬಣ್ಣ ಇರಲಿಲ್ಲವಂತೆ. ಕಪ್ಪು ಇಂಕಿನಲ್ಲಿ ಬರೆದದ್ದು. ಲೆಟರ್‌ಹೆಡ್ ಅಚ್ಚು ಹಾಕಲು ಬ್ಲಾಕ್, ಅಂದರೆ ಅಚ್ಚಿನ ಪಡಿ, ಮಾಡಿಸಬೇಕಿತ್ತು. ಸಣ್ಣ ಗೆರೆ ಜಾಸ್ತಿಯಾದರೆ ಅಚ್ಚಿನಲ್ಲಿ ತುಂಬಿಕೊಳ್ಳುತ್ತದೆ, ಅದಕ್ಕೇ ತೆರೆಗೆ ಮೂರೇ ಗೆರೆ ಎಳೆದರಂತೆ. ದೀಪಾವಳಿ ರಜೆಯಲ್ಲಿ, ಮನೆಯಲ್ಲಿ, ನಾಲ್ಕು ರಾತ್ರಿ ಕೂತು ಬರೆದರಂತೆ.

ನಾನು ತೆನೆಯ ಮೇಲೆ ಬೆರಳಿಟ್ಟು ಕೇಳಿದೆ. ನಮ್ಮ ಕಾಲದಲ್ಲಿ ಹುಡುಗರು ಅದನ್ನು ಅಡಿಕೆಯ ಸಿಂಗಾರ ಅನ್ನುತ್ತಿದ್ದರು.

"ಸಿಂಗಾರ ಅಲ್ವೋ, ಅದು ಕಗ್ಗ" ಅಂದರು.

ಅಘನಾಶಿನಿ ಹೊಳೆಯ ಬದಿಯ ಗಜನಿ, ಅಂದರೆ ಉಪ್ಪು ನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ ಬೆಳೆಯುವ ಭತ್ತ ಅದು. ನಮ್ಮ ಕಡೆಯವರಿಗೆ ಗೊತ್ತು, ಉಬ್ಬರದಲ್ಲಿ ಸಮುದ್ರದ ನೀರು ಹೊಳೆಯಲ್ಲಿ ಮೇಲಕ್ಕೆ ಏರಿ ಬಂದು ಗಜನಿಗೆ ನುಗ್ಗುತ್ತದೆ. ಬೇರೆ ಭತ್ತ ಉಪ್ಪಿಗೆ ಸುಟ್ಟು ಹೋಗುತ್ತದೆ. ಕಗ್ಗ ತಡೆದುಕೊಳ್ಳುತ್ತದೆ. ಮಾಸ್ತರರ ಅಪ್ಪ ಗಜನಿಯಲ್ಲಿ ಕಗ್ಗ ಬೆಳೆದವರು. "ಉಪ್ಪು ನೀರು ನಿಂತ್ರೂ ಸಾಯೂದಿಲ್ಲ ಅದು. ನಮ್ಮ ಬದಿಯ ಮಕ್ಕಳು ಹಾಗೇ ಗಟ್ಟಿ ಅಂತ ನನ್ನ ಎಣಿಕೆ. ಅದಕ್ಕೇ ಪುಸ್ತಕದ ಮೇಲೆ ಬರೆದೆ." ಅಷ್ಟು ಹೇಳಿ ಕಷಾಯ ಕುಡಿಯಿರಿ ಅಂದರು. ನನಗೆ ಗಂಟಲು ಕಟ್ಟಿತ್ತು.

ಹಣ ಏನಾದರೂ ಕೊಟ್ಟಿದ್ದರಾ ಎಂದು ಕೇಳಿದೆ. ಕೇಳಲು ಸಂಕೋಚ ಆಯಿತು, ಆದರೆ ಕೇಳಲೇಬೇಕಿತ್ತು. ಉದ್ಘಾಟನೆಯ ದಿನ ಒಂದು ಶಾಲು ಹೊದೆಸಿದ್ದರಂತೆ. ಹಕ್ಕು ಬರೆದುಕೊಟ್ಟ ಕಾಗದ? "ಎಂತಕ್ಕೆ ಬರೆದು ಕೊಡೂದು? ನಮ್ದೇ ಸಂಸ್ಥೆ ಅಲ್ವಾ."

ಕುಮಟೆಯಲ್ಲಿ ವಕೀಲಿ ಮಾಡುವ ನನ್ನ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಅವನು ಕಾಯ್ದೆ ತೆಗೆದು ಕೂತ. 17ನೇ ಕಲಮಿನ ಪ್ರಕಾರ ಬರೆದವರೇ ಮೊದಲ ಒಡೆಯರು. ನೌಕರಿಯ ಕೆಲಸದ ಭಾಗವಾಗಿ ಬರೆದಿದ್ದರೆ ಮಾತ್ರ, ಬೇರೆ ಒಪ್ಪಂದ ಇಲ್ಲದ ಪಕ್ಷದಲ್ಲಿ, ನೌಕರಿ ಕೊಟ್ಟವರು ಒಡೆಯರು. ಮಾಸ್ತರರು ಅದೇ ಸಂಸ್ಥೆಯ ಹೈಸ್ಕೂಲಿನಲ್ಲಿ ಇದ್ದರು ನಿಜ. ಆದರೆ ಅವರ ಕೆಲಸ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುವುದು. ರಜೆಯಲ್ಲಿ ಮನೆಯಲ್ಲಿ ಕೂತು ಕಾಲೇಜಿಗೆ ಲಾಂಛನ ಬರೆಯುವುದು ಅದರಲ್ಲಿ ಬರುತ್ತದಾ? ಹಕ್ಕು ವರ್ಗಾವಣೆ ಆಗಬೇಕಾದರೆ ಬರಹದಲ್ಲಿ ಇರಬೇಕು, ಅದು 19ನೇ ಕಲಮು. ಬರಹ ಇಲ್ಲ. ಹಕ್ಕಿನ ಅವಧಿ ಕಲಾವಿದರ ಜೀವಮಾನ, ಆಮೇಲೆ 60 ವರ್ಷ. "ಎರಡೂ ಕಡೆಯಿಂದ ವಾದ ಮಾಡಬಹುದು ಮಾರಾಯಾ" ಅಂದ ಅವನು. ಅಂದರೆ ಪ್ರಿನ್ಸಿಪಾಲರು ಧೈರ್ಯ ಮಾಡಿ ಪರವಾನಗಿ ಕೊಟ್ಟಿದ್ದರೂ ಅದು ಅವರು ಕೊಡುವಂಥದ್ದೇ ಆಗಿತ್ತೋ ಇಲ್ಲವೋ. ಈ ವಯಸ್ಸಿನಲ್ಲಿ ಮಾಸ್ತರರ ಮುಂದೆ ಹಕ್ಕಿನ ಕಾಗದ ಹಿಡಿದು ನಿಲ್ಲಲು ನನಗೆ ಮನಸ್ಸಾಗಲಿಲ್ಲ.

ಆಗ ನ್ಯಾಯಯುತ ಬಳಕೆಯ ದಾರಿಗೆ ಬಂದೆ. ಇಂಗ್ಲಿಷಿನವರು ಫೇರ್ ಯೂಸ್ ಅನ್ನುತ್ತಾರೆ. ನಮ್ಮ ಕಾಯ್ದೆಯಲ್ಲೂ 52ನೇ ಕಲಮಿನಲ್ಲಿ ಫೇರ್ ಡೀಲಿಂಗ್ ಇದೆ. ಅದರಲ್ಲಿ ಉದ್ದೇಶಗಳನ್ನು ಹೆಸರಿಸಿ ಹೇಳಿದ್ದಾರೆ, ಸ್ವಂತ ಓದು, ಸಂಶೋಧನೆ, ವಿಮರ್ಶೆ, ಸುದ್ದಿ ಎಂದು. ಅಮೆರಿಕದ 1976ರ ಕಾಯ್ದೆಯ 107ನೇ ಕಲಮು ಬೇರೆ ಥರ. ಅದು ನಾಲ್ಕು ವಿಷಯ ತೂಗಿ ನೋಡಲು ಹೇಳುತ್ತದೆ. ಯಾವ ಉದ್ದೇಶಕ್ಕೆ ಬಳಸಿದ್ದು, ಮೂಲ ಕೃತಿ ಎಂಥದ್ದು, ಎಷ್ಟು ಭಾಗ ತೆಗೆದುಕೊಂಡದ್ದು, ಇದರಿಂದ ಮೂಲದ ಮಾರುಕಟ್ಟೆಗೆ ಏಟು ಬೀಳುತ್ತದಾ. ವಿಕಿಪೀಡಿಯ ನಡೆಸುವ ಪ್ರತಿಷ್ಠಾನ ಅಮೆರಿಕದಲ್ಲಿದೆ, ಹಾಗಾಗಿ ಅಲ್ಲಿಯ ಕಾನೂನು ಮುಖ್ಯವಾಗುತ್ತದೆ. 2007ರ ಮಾರ್ಚಿನಲ್ಲಿ ಪ್ರತಿಷ್ಠಾನ ಒಂದು ಠರಾವು ಮಾಡಿತು. ಮುಕ್ತವಲ್ಲದ ಚಿತ್ರ ಬೇಕಾದರೆ ಆಯಾ ಭಾಷೆಯ ವಿಕಿಪೀಡಿಯ ತನ್ನದೇ ನಿಯಮ ಬರೆದುಕೊಳ್ಳಬೇಕು, ಆ ಬಳಕೆ ತೀರಾ ಮಿತವಾಗಿರಬೇಕು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಅಂಥ ಹತ್ತು ನಿಯಮಗಳಿವೆ. ಕಾನೂನಿಗಿಂತ ಬಿಗಿಯಾಗಿಯೇ ಇವೆ, ಬೇಕೆಂದೇ ಹಾಗೆ ಮಾಡಿದ್ದಾರೆ.

ಹತ್ತನ್ನೂ ಇಲ್ಲಿ ಹೇಳುವುದಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದನ್ನು ಹೇಳುತ್ತೇನೆ.

ಮೊದಲನೆಯದು, ಅದೇ ಕೆಲಸ ಮಾಡುವ ಮುಕ್ತ ಚಿತ್ರ ಸಿಗುವ ಹಾಗಿರಬಾರದು. ಕಟ್ಟಡದ ಚಿತ್ರವನ್ನು ಯಾರದ್ದೋ ವೆಬ್‌ಸೈಟಿನಿಂದ ತಂದು ನ್ಯಾಯಯುತ ಬಳಕೆ ಅನ್ನುವ ಹಾಗಿಲ್ಲ, ಯಾಕಂದ್ರೆ ಯಾರು ಬೇಕಾದರೂ ಗುಡ್ಡ ಹತ್ತಿ ಫೋಟೋ ತೆಗೆಯಬಹುದು. ಲಾಂಛನಕ್ಕೆ ಬದಲಿ ಇಲ್ಲ. ಎಷ್ಟು ಸಲ ಬಿಡಿಸಿದರೂ ಅದು ಅದೇ.

ಇನ್ನೊಂದು, ಎಷ್ಟು ಬೇಕೋ ಅಷ್ಟೇ. ನನ್ನ ಸ್ಕ್ಯಾನು 1800 ಪಿಕ್ಸೆಲ್ ಅಗಲ, 1800 ಉದ್ದ ಇತ್ತು. ಅದರಿಂದ ಬ್ಯಾನರ್ ಮಾಡಿಸಬಹುದು. ಒಟ್ಟು ಸುಮಾರು ಒಂದು ಲಕ್ಷ ಪಿಕ್ಸೆಲ್ ಒಳಗೆ ಇರಲಿ ಎನ್ನುವುದು ಅಲ್ಲಿಯ ರೂಢಿ. 300ಕ್ಕೆ 300 ಮಾಡಿದೆ, 90,000 ಆಯಿತು. ಓದುಗರಿಗೆ ಗುರುತು ಹಿಡಿಯಲು ಸಾಕು, ಅಚ್ಚು ಹಾಕಿ ಮಾರುವವರಿಗೆ ಸಾಲುವುದಿಲ್ಲ. ಪ್ರಿನ್ಸಿಪಾಲರ ನೋಟ್‌ಬುಕ್ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಚಿಕ್ಕದು ಮಾಡುವಾಗ ತೆರೆಯ ಮೂರು ಗೆರೆ ಕಾಣುತ್ತದಾ ಎಂದು ನೋಡಿದೆ. ಸ್ಪಷ್ಟವಾಗಿ ಕಾಣುತ್ತಿತ್ತು.

ನಾನು ಎಡವಿದ್ದು ಜಾಗದ ನಿಯಮದಲ್ಲಿ. ಮುಕ್ತವಲ್ಲದ ಚಿತ್ರ ಇರಬೇಕಾದದ್ದು ಪ್ರಕಟವಾದ ಲೇಖನದಲ್ಲಿ ಮಾತ್ರ. ಕರಡು ಪುಟದಲ್ಲಿ, ಪ್ರಯೋಗ ಪುಟದಲ್ಲಿ, ಸದಸ್ಯರ ಸ್ವಂತ ಪುಟದಲ್ಲಿ ಇಡುವಂತಿಲ್ಲ. ನನ್ನ ಇಂಗ್ಲಿಷ್ ಲೇಖನ ಇನ್ನೂ ಕರಡಿನಲ್ಲೇ ಪರಿಶೀಲನೆಗೆ ಕಾಯುತ್ತಿತ್ತು. ಅದಕ್ಕೇ ಲಾಂಛನ ಹಾಕಿಬಿಟ್ಟೆ. ಒಂದು ಬಾಟ್, ಅಂದರೆ ತಾನಾಗಿಯೇ ಕೆಲಸ ಮಾಡುವ ಪ್ರೋಗ್ರಾಮ್, ಬಂದು ತೆಗೆಯಿತು. ತೆಗೆದ ಮೇಲೆ ಚಿತ್ರ ಯಾವ ಲೇಖನದಲ್ಲೂ ಇಲ್ಲದ ಅನಾಥ ಫೈಲ್ ಆಯಿತು. ಅಂಥ ಫೈಲಿಗೆ 7 ದಿನದ ಗಡುವು. ಪರಿಶೀಲನೆ ಅಷ್ಟರಲ್ಲಿ ಮುಗಿಯಲಿಲ್ಲ, ಫೈಲ್ ಅಳಿಸಿ ಹೋಯಿತು. ನಿಮಗೆ ನನ್ನ ಸಲಹೆ ಇಷ್ಟೇ. ಲೇಖನ ಪ್ರಕಟವಾಗುವ ತನಕ ಲಾಂಛನಕ್ಕೆ ಕೈ ಹಾಕಬೇಡಿ.

ಲೇಖನ ಒಪ್ಪಿಗೆಯಾಗಿ ಪ್ರಕಟವಾದ ರಾತ್ರಿ ಮತ್ತೆ ಕೂತೆ. ಈ ಸಲ ಕಾಮನ್ಸ್‌ಗೆ ಹೋಗಲಿಲ್ಲ, ಇಂಗ್ಲಿಷ್ ವಿಕಿಪೀಡಿಯಕ್ಕೇ ಹಾಕಿದೆ. ಲಾಂಛನಗಳಿಗೆ ಅಂತಲೇ ಒಂದು ಫಾರ್ಮ್ ಇದೆ. ಎಲ್ಲಿಂದ ತಂದದ್ದು, ಯಾವ ಲೇಖನಕ್ಕೆ, ಯಾಕೆ ಬೇಕು, ಯಾಕೆ ಇದಕ್ಕೆ ಬದಲಿ ಇಲ್ಲ, ಎಷ್ಟು ಚಿಕ್ಕದು ಮಾಡಿದ್ದೀರಿ, ಮೂಲದ ಒಡೆಯರಿಗೆ ನಷ್ಟ ಆಗುತ್ತದಾ. ಪ್ರತಿಯೊಂದಕ್ಕೂ ಬರೆಯಬೇಕು. ಒಂದು ಲೇಖನಕ್ಕೆ ಕೊಟ್ಟ ಕಾರಣ ಇನ್ನೊಂದಕ್ಕೆ ಸಲ್ಲುವುದಿಲ್ಲ. ನಮ್ಮ ಊರಿನ ಲೇಖನದಲ್ಲೂ ಇದೇ ಲಾಂಛನ ಹಾಕೋಣ ಅಂತ ಆಸೆ ಇತ್ತು, ಬಿಟ್ಟೆ. ಊರಿನ ಬಗ್ಗೆ ಓದುವವರಿಗೆ ಅದರ ಅಗತ್ಯ ಇಲ್ಲ.

ಯಾಕೆ ಬೇಕು ಎನ್ನುವ ಖಾನೆಗೆ ಮೊದಲು ಎಲ್ಲರೂ ಬಳಸುವ ಸಿದ್ಧ ಸಾಲೊಂದನ್ನು ಅಂಟಿಸಿದ್ದೆ. ಆಮೇಲೆ ಅಳಿಸಿ ನನ್ನದೇ ಮಾತಿನಲ್ಲಿ ಬರೆದೆ. ಈ ಲೇಖನ ಈ ಕಾಲೇಜಿನ ಬಗ್ಗೆ. ಓದುಗರು ತಾವು ಸರಿಯಾದ ಕಾಲೇಜಿನ ಪುಟಕ್ಕೇ ಬಂದಿದ್ದೇವೆ ಎಂದು ತಿಳಿಯುವುದು ಈ ಗುರುತಿನಿಂದ. ಸಂಸ್ಥೆಯ ಹೆಸರನ್ನೇ ಹೋಲುವ ಬೇರೆ ಕಾಲೇಜುಗಳು ಜಿಲ್ಲೆಯಲ್ಲಿ ಇವೆ.

ಕೊನೆಗೆ ಲೇಖಕ ಅಥವಾ ಹಕ್ಕುದಾರ ಎನ್ನುವ ಖಾನೆ. ನ್ಯಾಯಯುತ ಬಳಕೆಗೆ ಯಾರ ಅನುಮತಿಯೂ ಬೇಡ. ಆದರೆ ಯಾರದ್ದು ಎಂದು ಹೇಳುವುದನ್ನು ತಪ್ಪಿಸಿಕೊಳ್ಳುವಂತಿಲ್ಲ. ಸಾಮಾನ್ಯವಾಗಿ ಎಲ್ಲರೂ ಸಂಸ್ಥೆಯ ಹೆಸರು ಹಾಕಿ ಮುಂದೆ ಹೋಗುತ್ತಾರೆ. ಹಕ್ಕು ಸಂಸ್ಥೆಯದ್ದು ಇಲ್ಲವೇ ಚಿತ್ರ ಬರೆದ ಕಲಾವಿದರದ್ದು ಎಂದು ಭಾವಿಸಲಾಗಿದೆ, ಎನ್ನುವ ಅರ್ಥದ ಸಾಲು ಆ ಫಾರ್ಮಿನಲ್ಲಿ ಮೊದಲೇ ಇರುತ್ತದೆ. ನಮ್ಮ ಪರಿಸ್ಥಿತಿಗೆ ಹೊಲಿದು ಕೊಟ್ಟ ಹಾಗಿತ್ತು. ನಾನು ಅಲ್ಲಿ ಮಾಸ್ತರರ ಪೂರ್ತಿ ಹೆಸರು ಬರೆದೆ. ಹಾಕಬಹುದಾ ಎಂದು ಅವತ್ತೇ ಜಗಲಿಯಲ್ಲಿ ಕೇಳಿದ್ದೆ. "ಹಾಕು. ಹಾಕಿದ ಮೇಲೆ ಓದಿ ಹೇಳು" ಅಂದಿದ್ದರು.

ಫೈಲ್ ಉಳಿಯಿತು. ಕನ್ನಡ ಲೇಖನದಲ್ಲಿ ಮಾತ್ರ ಲಾಂಛನ ಇಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಇಟ್ಟ ಫೈಲ್ ಬೇರೆ ಭಾಷೆಯ ಪುಟದಲ್ಲಿ ತೆರೆಯುವುದಿಲ್ಲ, ಕಾಮನ್ಸ್‌ನಲ್ಲಿ ಇದ್ದರಷ್ಟೇ ಎಲ್ಲ ಕಡೆ ಸಿಗುತ್ತದೆ. ಅಲ್ಲಿ ನಾನು ತೆಗೆದ ಚಿರೆಕಲ್ಲಿನ ಕಟ್ಟಡದ ಫೋಟೋ ಇದೆ. ಮಳೆ ನಿಂತ ಮೇಲಿನ ಬೆಳಕು, ಗೋಡೆ ಒದ್ದೆಯಾಗಿ ಕೆಂಪಗೆ ಕಾಣುತ್ತದೆ. ಚೆನ್ನಾಗಿದೆ.

ಮಾತು ಕೊಟ್ಟಂತೆ ಹಳದೀಪುರಕ್ಕೆ ಹೋಗಿ ಮೊಬೈಲಿನಲ್ಲಿ ಓದಿ ಹೇಳಿದೆ. ಅವರ ಹೆಸರು ಬಂದಾಗ ಇನ್ನೊಮ್ಮೆ ಓದು ಅಂದರು. ಓದಿದೆ. ಆಮೇಲೆ ಕೇಳಿದರು, "ಕಗ್ಗದ ವಿಷಯ ಬರೆದಿದ್ಯಾ?"

ಇಲ್ಲ ಅನ್ನಬೇಕಾಯಿತು. ಅದು ತುಂಬಾ ಕಷ್ಟದ ಮಾತು. ಅವರ ಬಾಯಿಂದ ನಾನು ಕೇಳಿದ್ದು ನನಗೆ ನಿಜ, ಆದರೆ ವಿಶ್ವಕೋಶದಲ್ಲಿ ಬರೆಯಲು ಅದು ಮೊದಲು ಬೇರೆ ಎಲ್ಲಾದರೂ ಅಚ್ಚಾಗಿರಬೇಕು. ಎಲ್ಲಿಯೂ ಅಚ್ಚಾಗಿಲ್ಲ. ಠರಾವು ಪುಸ್ತಕದ ಒಂದು ಸಾಲು ಬಿಟ್ಟರೆ ಈ ಲಾಂಛನದ ಹುಟ್ಟಿನ ಬಗ್ಗೆ ಏನೂ ಬರೆದಿಟ್ಟಿಲ್ಲ.

ಇನ್ನೊಂದು ಆತಂಕವೂ ಇದೆ. ಕಾಲೇಜಿಗೆ ಐವತ್ತು ತುಂಬುವ ಹೊತ್ತು ಬರುತ್ತಿದೆ. ಆಗ ಲಾಂಛನ ಹೊಸದು ಮಾಡಿಸೋಣ ಎನ್ನುವ ಮಾತು ಎದ್ದಿದೆ. ಹೊಸದು ಬಂದರೆ ಚೌಕದಲ್ಲಿ ಅದು ಕೂರುತ್ತದೆ. ಹಳೆಯದು ಅನಾಥವಾಗಿ 7 ದಿನದಲ್ಲಿ ಹೋಗುತ್ತದೆ, ಜೊತೆಗೆ ಮಾಸ್ತರರ ಹೆಸರೂ. ಹಳೆಯ ಲಾಂಛನದ ಬಗ್ಗೆಯೇ ಲೇಖನದಲ್ಲಿ ಆಧಾರ ಸಹಿತ ವಿವರಣೆ ಇದ್ದರೆ ಮಾತ್ರ ಅದನ್ನು ಉಳಿಸಿಕೊಳ್ಳಲು ನ್ಯಾಯವಾದ ಕಾರಣ ಸಿಗುತ್ತದೆ.

ಇದನ್ನು ಪ್ರಿನ್ಸಿಪಾಲರಿಗೆ ಹೇಳಿದೆ. ಸ್ಮರಣ ಸಂಚಿಕೆಯಲ್ಲಿ ಲಾಂಛನದ ಕಥೆಗೆ ಎರಡು ಪುಟ ಇಡೋಣ, ಸಂದರ್ಶನ ನೀವೇ ಮಾಡಿ ಅಂದಿದ್ದಾರೆ. ಮೂಲ ಕಪ್ಪು ಇಂಕಿನ ಹಾಳೆ ಮಾಸ್ತರರ ಟ್ರಂಕಿನಲ್ಲಿ ಎಲ್ಲೋ ಇದೆಯಂತೆ. ಹುಡುಕಿಡುತ್ತೇನೆ ಎಂದು ಅವರ ಸೊಸೆ ಫೋನ್ ಮಾಡಿದ್ದರು. ಬರುವ ಭಾನುವಾರ ರೆಕಾರ್ಡರ್ ತೆಗೆದುಕೊಂಡು ಮತ್ತೆ ಹಳದೀಪುರಕ್ಕೆ ಹೋಗುತ್ತೇನೆ.